ಒಂದೇ ತಪ್ಪು ಬರೆದ ನಾಲ್ವರ ಪರವಾಗಿ, ಕಾನೂನು ಪ್ರವೇಶ ಪರೀಕ್ಷೆಯ ನಿರ್ದೇಶಕರಿಗೆ

ಮಾನ್ಯ ನಿರ್ದೇಶಕರೇ,

ನಾನು ಪಾಸಾಗಿದ್ದೇನೆಯೇ, ಫೇಲಾಗಿದ್ದೇನೆಯೇ? ಇಷ್ಟೇ ನನ್ನ ಪ್ರಶ್ನೆ. ತಾವು ನಡೆಸುವ ಕಾನೂನು ಕಾಲೇಜು ಪ್ರವೇಶ ಪರೀಕ್ಷೆಯನ್ನು ನಾನು ಬರೆದು ವರ್ಷ ದಾಟಿತು. ಫಲಿತಾಂಶದ ಜಾಗದಲ್ಲಿ ಇಂದಿಗೂ ‘ತಡೆಹಿಡಿಯಲಾಗಿದೆ’ ಎಂಬ ಪದ ಕಾಲು ಚಾಚಿ ಕೂತಿದೆ. ಹಾಳಾಗಿ ಹೋಗಲಿ, ಮತ್ತೊಮ್ಮೆ ಬರೆಯೋಣವೆಂದರೆ, ಹಿಂದಿನ ಫಲಿತಾಂಶ ಬಾಕಿ ಇರುವವರು ಹೊಸದಾಗಿ ಅರ್ಜಿ ಹಾಕುವಂತಿಲ್ಲ ಎನ್ನುತ್ತದೆ ತಮ್ಮ ನಿಯಮ. ಮೇಲ್ಮನವಿ ಸಲ್ಲಿಸೋಣವೆಂದರೆ, ನಿರ್ಧಾರವೇ ಆಗದ ವಿಷಯಕ್ಕೆ ಮೇಲ್ಮನವಿ ಎಲ್ಲಿಂದ ಬಂತು ಎಂದು ತಮ್ಮ ಕಚೇರಿಯವರು ನಗುತ್ತಾರೆ. ನಾನು ಹೋಗಿ ಕಂಡ ವಕೀಲರೊಬ್ಬರು ಕನ್ನಡಕ ತೆಗೆದಿಟ್ಟು ಹೇಳಿದರು: “ಆದೇಶ ಅಂತ ಒಂದು ಕಾಗದ ತನ್ನಿ ಅಮ್ಮಾ, ಅದನ್ನ ಹರಿದು ಹಾಕೋ ಕೆಲಸ ನಂದು. ಕಾಗದಾನೇ ಇಲ್ಲ ಅಂದ್ರೆ ನಾನು ಏನನ್ನ ಹರೀಲಿ?”

ಬಾಗಿಲೇ ಇಲ್ಲದ ಕೋಣೆ ಕಟ್ಟಿ ಅದರೊಳಗೆ ನಾಲ್ವರನ್ನು ಕೂರಿಸುವುದು ಸಾಮಾನ್ಯ ಕೆಲಸವಲ್ಲ. ತಮ್ಮ ಮಂಡಳಿಗೆ ನನ್ನ ಅಭಿನಂದನೆಗಳು.

ನಾನು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವಳು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ನನ್ನ ಕಾಲಡಿಗಿರುವ ಎರಡನೆಯ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು, ಬೇರೆಯವರ ಭಯಕ್ಕೆ ಬೆವರುವ ಕೆಲಸ. ಕೆಲವು ವರ್ಷಗಳ ಹಿಂದೆ ನಿಂತಿದ್ದ ನಮ್ಮ ಕಾರಿಗೆ ಹಿಂದಿನಿಂದ ಲಾರಿಯೊಂದು ಗುದ್ದಿತು. ಗುದ್ದಿದವನೇ ನಮ್ಮ ಮೇಲೆ ಕೇಸು ಹಾಕಿದ. ನ್ಯಾಯಾಲಯದ ಬೆಂಚಿನ ಮೇಲೆ ಕೂತು ಕೂತು ನನ್ನ ಸೊಂಟ ಬಿದ್ದುಹೋದ ಮೇಲೆ, ಒಂದು ದಿನ ಚಿಕ್ಕ ವಯಸ್ಸಿನ ವಕೀಲೆಯೊಬ್ಬಳು ಎದ್ದು ನಿಂತು ಒಂದೇ ಒಂದು ವಾಕ್ಯ ಹೇಳಿದಳು. ನಿಂತ ಕಾರು ಹಿಂದಿನ ಲಾರಿಗೆ ಗುದ್ದಲು ಹೇಗೆ ಸಾಧ್ಯ ಎಂದಷ್ಟೇ ಕೇಳಿದಳು. ಅದನ್ನೇ ನಾನು ಕಂಡಕಂಡವರಿಗೆಲ್ಲ ಅತ್ತು ಕರೆದು ಹೇಳಿದ್ದೆ. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಅವಳು ಹೇಳಿದಾಗ ಮಾತ್ರ ನ್ಯಾಯಾಧೀಶರು ತಲೆ ಎತ್ತಿದರು. ಹಾಗೆ ತಲೆ ಎತ್ತುವಂತೆ ಮಾತಾಡುವುದನ್ನು ನಾನೂ ಕಲಿಯಬೇಕೆಂದು ಅಂದೇ ತೀರ್ಮಾನಿಸಿದೆ.

ಮನೆಯಲ್ಲಿ ಈ ವಿಷಯ ಎತ್ತಿದಾಗ ಅಣ್ಣ ನಕ್ಕ. ಅತ್ತಿಗೆ ನಗಲಿಲ್ಲ. ಅಣ್ಣನೂ ಅತ್ತಿಗೆಯೂ ಸೇರಿ ಒಂದು ಲಾಂಡ್ರಿ ನಡೆಸುತ್ತಾರೆ. ಮದುವೆಯಾದ ಮೇಲೆ ಮನೆಯಲ್ಲೇ ಕೂತು ಡಿಗ್ರಿ ಮುಗಿಸಿದವರು ಅತ್ತಿಗೆ. ಅಂಗಡಿಯ ಕೆಲಸ ಮುಗಿದ ಮೇಲೆ ಅವರು ಮೆಲ್ಲಗೆ ಬಂದು, “ಅರ್ಜಿ ಹಾಕೋದಾದ್ರೆ ಎರಡು ಹಾಕು. ನಾನೂ ಬರ್ತೀನಿ” ಎಂದರು. ಇಬ್ಬರು ಮೂವರಾಗಲು ತಡವಾಗಲಿಲ್ಲ. ಆಸ್ಪತ್ರೆಯ ಹೆರಿಗೆ ವಾರ್ಡಿನ ನರ್ಸ್ ಒಬ್ಬರು ಯೂನಿಫಾರ್ಮ್ ಇಸ್ತ್ರಿಗೆ ಕೊಡಲು ಬರುತ್ತಿದ್ದರು. ಕೌಂಟರಿನ ಮೇಲಿದ್ದ ನಮ್ಮ ಪುಸ್ತಕ ನೋಡಿ ಅಲ್ಲೇ ಬೇರೂರಿಬಿಟ್ಟರು. ನಮಗೆಲ್ಲ ಅವರು ಸಿಸ್ಟರ್. ಪರೀಕ್ಷೆಗೆ ವಯಸ್ಸಿನ ಮಿತಿ ಇದೆಯಲ್ಲವೇ, ಅವರಿಗೆ ಅದೇ ಕೊನೆಯ ಅವಕಾಶವಾಗಿತ್ತು. ನಾಲ್ಕನೆಯವನು ಲಿಫ್ಟ್ ರಿಪೇರಿ ಮಾಡುವವನು. ಗ್ರೀಸ್ ಮೆತ್ತಿದ ಬಟ್ಟೆಗೆ ಹೆಚ್ಚು ದುಡ್ಡು ಕೇಳುವುದು ನ್ಯಾಯವಲ್ಲವೆಂದು ಅತ್ತಿಗೆಯ ಜೊತೆ ವಾದಕ್ಕೆ ನಿಂತವನು, ಆ ವಾದದ ಕೊನೆಗೆ ನಮ್ಮ ಗುಂಪಿನಲ್ಲಿದ್ದ. ಅವನು ಒಪ್ಪಿಕೊಂಡ ಮಾತೇ ಇರಲಿಲ್ಲವಾದ್ದರಿಂದ ಅವನಿಗೆ ‘ಆಬ್ಜೆಕ್ಷನ್’ ಎಂದು ಹೆಸರಿಟ್ಟೆವು. ಆ ಹೆಸರಿಗೂ ಅವನು ಆಬ್ಜೆಕ್ಷನ್ ಹೇಳಿದ.

ಲಾಂಡ್ರಿಯ ಮಾಳಿಗೆಯಲ್ಲೊಂದು ಕೋಣೆ. ಕೆಳಗಿನ ಬಾಯ್ಲರಿನ ಕೊಳವೆ ಅದರ ಗೋಡೆಯಲ್ಲೇ ಹಾದುಹೋಗುವುದರಿಂದ ಯಾವ ಕಾಲದಲ್ಲೂ ಬೆಚ್ಚಗೆ. ಕಿಟಕಿ ಇದೆ, ತೆರೆಯುವುದಿಲ್ಲ; ಹೊರಗಡೆ ಅಂಗಡಿಯ ಬೋರ್ಡು ಹೊಡೆದಿದ್ದಾರೆ. ಬೆಳಗಿನ ಜಾವ, ಅಂಗಡಿ ತೆರೆಯುವ ಮುಂಚೆ, ನಾವು ನಾಲ್ವರು ಅಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂರುತ್ತಿದ್ದೆವು. ‘ಎಲ್ಲ ಬೆಕ್ಕುಗಳೂ ಕುರ್ಚಿಗಳು; ಕೆಲವು ಕುರ್ಚಿಗಳು ಮೋಡಗಳು; ಹಾಗಾದರೆ...’ ಎಂದು ನಾನು ಪ್ರಶ್ನೆ ಓದಿದರೆ ಆಬ್ಜೆಕ್ಷನ್ ಎದ್ದು ನಿಲ್ಲುತ್ತಿದ್ದ.

“ಯಾವ ಬೆಕ್ಕು ಅಕ್ಕಾ ಕುರ್ಚಿ? ತೋರಿಸಿ, ಕೂತ್ಕೋತೀನಿ.”

“ಪರೀಕ್ಷೆ ಮುಗಿಯೋವರೆಗೂ ಬೆಕ್ಕು ಕುರ್ಚೀನೇ, ಒಪ್ಕೊಳ್ಳಪ್ಪ” ಎಂದು ಅತ್ತಿಗೆ ಕೈಮುಗಿಯುತ್ತಿದ್ದರು. ಸಿಸ್ಟರ್ ನಗು ತಡೆಯಲಾರದೆ ಸೆರಗಿಗೆ ಮುಖ ಒತ್ತಿಕೊಳ್ಳುತ್ತಿದ್ದರು. ನಮ್ಮ ನಾಲ್ವರ ಬದುಕಿನಲ್ಲಿ ಅಷ್ಟು ಖುಷಿಯ ಕಾಲ ಬೇರೆ ಇರಲಿಲ್ಲ. ತಮ್ಮ ಕಡತದಲ್ಲಿ ಅದನ್ನು ‘ಪೂರ್ವನಿಯೋಜಿತ ಒಳಸಂಚು’ ಎಂದು ಬರೆಯಲಾಗಿದೆ.

ಇನ್ನು ನಮ್ಮ ಅಪರಾಧಕ್ಕೆ ಬರುತ್ತೇನೆ. ಒಂದು ದಿನ ಸಿಸ್ಟರಿಗೆ ಲಾಂಡ್ರಿಯ ನೆಲದ ಮೇಲೆ ಉಂಗುರವೊಂದು ಸಿಕ್ಕಿತು. ಅದು ಸಿಕ್ಕವರ ಬಳಿ ಇರಬೇಕೇ, ಅಂಗಡಿಯಲ್ಲಿರಬೇಕೇ? ಬೆಕ್ಕು ಕುರ್ಚಿಗಳನ್ನೆಲ್ಲ ಬದಿಗಿಟ್ಟು ಅದರ ಮೇಲೆ ಜಗಳವಾಡಿದೆವು. ಕಳೆದುಕೊಂಡವರು ಹುಡುಕುತ್ತಾ ಬರುವುದು ಅಂಗಡಿಗೆ ತಾನೇ, ಆದ್ದರಿಂದ ಅಂಗಡಿಯಲ್ಲೇ ಇರಲಿ ಎಂದು ಅತ್ತಿಗೆ ಹೇಳಿದ್ದನ್ನು ಕೊನೆಗೆ ಆಬ್ಜೆಕ್ಷನ್ ಕೂಡ ಒಪ್ಪಿದ. ಮರುದಿನ ಒಬ್ಬಾಕೆ ಕೆಂಪಗೆ ಊದಿದ ಕಣ್ಣಲ್ಲಿ ಬಂದು ಉಂಗುರ ತೆಗೆದುಕೊಂಡು, ಅತ್ತಿಗೆಯ ಎರಡೂ ಕೈ ಹಿಡಿದು ನಿಂತುಬಿಟ್ಟಳು. ಕೆಲವೇ ವಾರಗಳಲ್ಲಿ ತಮ್ಮ ಪ್ರಶ್ನೆಪತ್ರಿಕೆಯಲ್ಲಿ ಹೆಚ್ಚೂಕಡಿಮೆ ಅದೇ ಪ್ರಶ್ನೆ ಬಂತು. ಸಿಕ್ಕವರಿಗೇ ಮೊದಲ ಹಕ್ಕು ಎಂಬ ನಿಯಮವನ್ನೂ ಪ್ರಶ್ನೆಯಲ್ಲೇ ಕೊಟ್ಟಿದ್ದರು. ಆ ನಿಯಮದಂತೆ ಉತ್ತರಿಸಬೇಕಿತ್ತು. ನಾವು ನಾಲ್ವರೂ, ಬೇರೆ ಬೇರೆ ಕೋಣೆಗಳಲ್ಲಿ ಕೂತು, ಆ ಹೆಣ್ಣುಮಗಳ ಮುಖ ನೆನೆದು, ‘ಅಂಗಡಿಯಲ್ಲೇ ಇರಬೇಕು’ ಎಂದು ಗುರುತು ಹಾಕಿದೆವು. ತಪ್ಪು ಉತ್ತರ, ಅಂಕ ಕಡಿಯಿರಿ, ತಕರಾರಿಲ್ಲ. ಇಂಥವೇ ಇನ್ನೂ ಕೆಲವು ತಪ್ಪುಗಳು ನಾಲ್ವರಲ್ಲೂ ಒಂದೇ ಆಗಿವೆಯಂತೆ. ಒಬ್ಬರಿಗೊಬ್ಬರು ಕಲಿಸಿಕೊಂಡವರ ಸರಿಗಳು ಒಂದೇ ಆದರೆ ಅದು ವಿದ್ಯೆ, ತಪ್ಪುಗಳು ಒಂದೇ ಆದರೆ ಅದು ಕಳ್ಳತನವೇ? ಹಾಗಿದ್ದರೆ ಕಾನೂನು ಕಾಲೇಜುಗಳಲ್ಲಿ ತರಗತಿಗಳೇಕೆ? ಒಬ್ಬೊಬ್ಬರನ್ನು ಒಂದೊಂದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಓದಿಸಬಹುದಲ್ಲ?

ಪರೀಕ್ಷೆಯ ದಿನ ನಾನು ಮೂರನೆಯ ಮಹಡಿಯಲ್ಲಿದ್ದೆ, ಅತ್ತಿಗೆ ಕೆಳಗಿನ ಮಹಡಿಯಲ್ಲಿ, ಆಬ್ಜೆಕ್ಷನ್ ಮೈದಾನದ ಶೆಡ್ಡಿನಲ್ಲಿ, ಸಿಸ್ಟರ್ ರಸ್ತೆಯಾಚೆಯ ಇನ್ನೊಂದು ಕಟ್ಟಡದಲ್ಲಿ. ನಕಲು ಮಾಡಿದ್ದೇವೆಂದು ನಮ್ಮನ್ನು ಒಬ್ಬೊಬ್ಬರನ್ನಾಗಿ ಕರೆಸಿ ನಡೆಸಿದ ವಿಚಾರಣೆಯಲ್ಲಿ ಇದನ್ನು ನಾನು ಹೇಳಿದಾಗ ತಮ್ಮ ವಿಚಾರಣಾಧಿಕಾರಿಗಳು, “ಅದೇ ನೋಡಿ, ಹೇಗೆ ಮಾಡಿದ್ರಿ ಅನ್ನೋದೇ ನಮಗೂ ಆಶ್ಚರ್ಯ” ಎಂದು ಮೆಚ್ಚುಗೆಯ ದನಿಯಲ್ಲಿ ಹೇಳಿದರು. ಬಹಳ ಸಭ್ಯರು. ಕುಡಿಯಲು ನೀರು ಕೊಟ್ಟರು. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು ದನಿ ತಗ್ಗಿಸಿದರು.

“ನಿಮ್ಮ ಅತ್ತಿಗೆ ಆಗ್ಲೇ ಎಲ್ಲಾ ಹೇಳಿಬಿಟ್ಟಿದ್ದಾರೆ. ನೀವ್ಯಾಕೆ ಸುಮ್ನೆ ಕಷ್ಟಪಡ್ತೀರಿ? ಒಂದು ಹೇಳಿಕೆಗೆ ಸಹಿ ಹಾಕಿ, ನಿಮ್ಮ ಫಲಿತಾಂಶ ಬಿಡ್ತೀವಿ.”

ನಾನು ಸಹಿ ಹಾಕಲಿಲ್ಲ. ಆದರೆ ಆ ಮಾತನ್ನು ಅರ್ಧ ನಂಬಿದೆ, ನಿರ್ದೇಶಕರೇ. ವಾಪಸು ಬರುವಾಗ ಬಸ್ಸಿನಲ್ಲಿ, ನನ್ನಂತೆಯೇ ವಿಚಾರಣೆ ಮುಗಿಸಿದ್ದ ಅತ್ತಿಗೆಯ ಪಕ್ಕದಲ್ಲೇ ಕೂತಿದ್ದೆ. ಅವರು ಕಿಟಕಿಯಾಚೆ ನೋಡುತ್ತಿದ್ದರು, ನಾನು ಮುಂದಿನ ಸೀಟಿನ ಬೆನ್ನನ್ನು. ನನಗೆ ಜ್ವರ ಬಂದಾಗ ತಲೆ ಬಾಚಿದವರು, ನನ್ನ ಸಂಬಂಧ ಮುರಿದಾಗ ಒಂದು ಮಾತೂ ಕೇಳದೆ ಪಕ್ಕದಲ್ಲಿ ಮಲಗಿದವರು, ಅವರ ಕಡೆ ಕಣ್ಣೆತ್ತಿ ನೋಡಲು ನನಗೆ ಆಗಲಿಲ್ಲ. ಅಂಗಡಿಗೆ ಬಂದು ಅವರು ಇಸ್ತ್ರಿ ಹಿಡಿದರು. ಆಗಷ್ಟೇ ಮಡಚಿಟ್ಟ ಅಂಗಿಯನ್ನೇ ಬಿಡಿಸಿ ಮತ್ತೆ ಇಸ್ತ್ರಿ ಹಾಕತೊಡಗಿದರು.

“ಒಂದು ಕೇಳ್ಲಾ? ಬೇಜಾರು ಮಾಡ್ಕೋಬೇಡ. ನೀನು ಏನಾದ್ರೂ ಬರ್ಕೊಟ್ಯಾ?”

“ನೀವು?”

“ನೀನು ಎಲ್ಲಾ ಹೇಳ್ಬಿಟ್ಟೆ ಅಂದ್ರಲ್ಲೇ ಅವ್ರು!”

ಇಬ್ಬರೂ ನಕ್ಕೆವು. ನಗುತ್ತಿದ್ದವರು ಯಾವಾಗ ಅಳಲು ಶುರು ಮಾಡಿದೆವೋ ಗೊತ್ತಾಗಲಿಲ್ಲ. ಅಂಗಿ ಸುಟ್ಟ ವಾಸನೆ ಬಂದು ಅಣ್ಣ ಒಳಗೋಡಿ ಬಂದ. ನಮ್ಮ ವರ್ಷ ಹೋದದ್ದಕ್ಕೆ ತಾವು ಯಾವ ಉತ್ತರ ಕೊಟ್ಟರೂ ಕೊಡಬಹುದು. ಆ ಒಂದು ಬಸ್ ಪ್ರಯಾಣಕ್ಕೆ ತಮ್ಮ ಬಳಿ ಉತ್ತರವಿದೆಯೇ?

ಅನಂತರ ಲಿಖಿತ ಸಮಜಾಯಿಷಿ ಕೇಳಿದಿರಿ. ಈ ಬಾರಿ ಎಚ್ಚರಿಕೆಯಿಂದ, ಒಬ್ಬರಿಗೊಬ್ಬರು ತೋರಿಸದೆ, ನಾಲ್ವರೂ ನಾಲ್ಕು ಕಡೆ ಕೂತು ಬರೆದೆವು. ಒಟ್ಟಿಗೆ ಓದಿದ್ದೇವೆ, ನಕಲು ಮಾಡಿಲ್ಲ. ನಡೆದದ್ದು ಇಷ್ಟೇ ಆದ್ದರಿಂದ ಇಷ್ಟನ್ನೇ ಬರೆದೆವು. ಮಂಡಳಿಯಿಂದ ಬಂದ ಉತ್ತರವನ್ನು ಆಬ್ಜೆಕ್ಷನ್ ಮಾಳಿಗೆಯಲ್ಲಿ ನಿಂತು ಗಟ್ಟಿಯಾಗಿ ಓದಿದ: ‘ನಾಲ್ವರ ಸಮಜಾಯಿಷಿಗಳೂ ಒಂದೇ ರೀತಿ ಇರುವುದರಿಂದ ಅನುಮಾನವು ಮತ್ತಷ್ಟು ಬಲಗೊಂಡಿದೆ.’ ಓದಿ ಮುಗಿಸಿ ಅವನು ಕೂತ. ಸತ್ಯ ಹೇಳುವವರು ಇನ್ನುಮುಂದೆ ಒಬ್ಬೊಬ್ಬರು ಒಂದೊಂದು ಸತ್ಯ ಹೇಳಬೇಕೆಂದು ಮಂಡಳಿ ಸುತ್ತೋಲೆ ಹೊರಡಿಸುವುದು ಒಳ್ಳೆಯದು.

ಇದಾದ ಮೇಲೆ ತಮ್ಮವರು ಸಿಸ್ಟರಿಗೆ ಫೋನ್ ಮಾಡಿದರು. ನಾಲ್ವರಲ್ಲಿ ಯಾರ ಕತ್ತು ಸುಲಭಕ್ಕೆ ಸಿಗುತ್ತದೆಂದು ಅವರಿಗೆ ಗೊತ್ತಿತ್ತು. ಇನ್ನೊಂದು ಪರೀಕ್ಷೆ ಆಕೆಗಿಲ್ಲ. ಸಹಿ ಹಾಕಿದರೆ ಈ ವರ್ಷದ ಸೀಟು, ಇಲ್ಲವಾದರೆ ಎಂದೆಂದಿಗೂ ಇಲ್ಲ. ಸಿಸ್ಟರ್ ಕದ್ದುಮುಚ್ಚಿ ಹೋಗಲಿಲ್ಲ. ಡ್ಯೂಟಿ ಮುಗಿಸಿ ನೇರ ಮಾಳಿಗೆಗೆ ಬಂದು, ಬಾಗಿಲಲ್ಲೇ ನಿಂತು ಕೇಳಿದರು: “ನಾನು ಹಾಕ್ಲಾ?”

ಮೊದಲು ಬಾಯಿ ತೆರೆದವನು ಆಬ್ಜೆಕ್ಷನ್.

“ಹಾಕಿ ಸಿಸ್ಟರ್. ನಮ್ಮಲ್ಲಿ ಒಬ್ರಾದ್ರೂ ಒಳಗೆ ಹೋಗ್ಲಿ.”

ವಾದವೇ ಇಲ್ಲದೆ ಅವನ ಬಾಯಿಂದ ಒಪ್ಪಿಗೆ ಬಂದದ್ದನ್ನು ನಾವು ಅಂದೇ ಮೊದಲು ಕೇಳಿದ್ದು. ಸಿಸ್ಟರ್ ಹೋಗಿ ಸಹಿ ಹಾಕಿದರು. ಉಳಿದ ಮೂವರು ನಕಲು ಮಾಡಿದ್ದನ್ನು ಕಣ್ಣಾರೆ ಕಂಡೆ ಎಂದಿತ್ತಂತೆ ಅದರಲ್ಲಿ. “ನಾನು ರಸ್ತೆ ಆಚೆ ಕಟ್ಟಡದಲ್ಲಿದ್ದೆ ಸಾರ್, ಹೇಗೆ ಕಾಣ್ಲಿ?” ಎಂದು ಅವರು ಕೇಳಿದ್ದಕ್ಕೆ, “ಅದೆಲ್ಲ ನಾವು ನೋಡ್ಕೋತೀವಿ” ಎಂಬ ಉತ್ತರ ಬಂತಂತೆ. ಅವರೊಬ್ಬರ ಫಲಿತಾಂಶ ಬಿಡುಗಡೆಯಾಯಿತು. ಅವರು ಕಾಲೇಜು ಸೇರಿದರು. ಮಾಳಿಗೆಗೆ ಬರುವುದನ್ನು ನಿಲ್ಲಿಸಿದರು. ಯೂನಿಫಾರ್ಮನ್ನು ಬೇರೆಯವರ ಕೈಲಿ ಕಳಿಸತೊಡಗಿದರು.

ಈಗ ನಮ್ಮ ಬೋನನ್ನು ಸ್ವಲ್ಪ ನೋಡಿ. ನಾವು ಮೂವರು ನಿರಪರಾಧಿಗಳೆಂದು ಸಾಬೀತು ಮಾಡಬೇಕಾದರೆ ಸಿಸ್ಟರ್ ಸುಳ್ಳು ಹೇಳಿದರೆಂದು ಸಾಬೀತು ಮಾಡಬೇಕು. ಅವರ ಸೀಟು ಉಳಿಯಬೇಕಾದರೆ ನಾವು ಕಳ್ಳರಾಗಿಯೇ ಇರಬೇಕು. ನಾವು ಸುಮ್ಮನಿದ್ದೆವು. ಡ್ರೈವಿಂಗ್ ಶಾಲೆಯ ಯಜಮಾನರು, “ನಿಮ್ಮ ಮೇಲೆ ಏನೋ ಕೇಸು ಇದೆಯಂತಲ್ಲಮ್ಮ, ಕಲಿಯೋಕೆ ಬರೋರು ಕೇಳ್ತಾರೆ” ಎಂದು ಹೊಸಬರನ್ನು ನನ್ನ ಕಾರಿಗೆ ಕೊಡುವುದು ಬಿಟ್ಟರು. ಆಗಲೂ ಸುಮ್ಮನಿದ್ದೆ. ಹಳೆಯ ಕಾರಿನಲ್ಲಿ ಒಬ್ಬಳೇ ಕೂತು, ಇಂಜಿನ್ ಆಫ್ ಮಾಡಿ, ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಕೂರುವುದು ಅಭ್ಯಾಸವಾಯಿತು.

ಕೊನೆಗೆ ಈ ಪತ್ರ ಬರೆಯಲು ಕೂತಾಗ ಸಿಸ್ಟರಿನ ವಿಷಯವನ್ನು ಪೂರ್ತಿ ಬಿಟ್ಟು, ಮೂವರ ಕಥೆಯೆಂದೇ ಬರೆದಿದ್ದೆ. ಅದು ಹೇಗೋ ಅವರ ಕಿವಿಗೆ ಬಿತ್ತು. ಕಳೆದ ವಾರ ಕಾಲೇಜಿನ ಬ್ಯಾಗು ಹೆಗಲಲ್ಲಿರುವಾಗಲೇ ಮಾಳಿಗೆ ಹತ್ತಿ ಬಂದರು, ತೆಳ್ಳಗಾಗಿದ್ದರು. ಅತ್ತಿಗೆ ಏನೂ ಆಗದವರಂತೆ ಕುರ್ಚಿ ಸರಿಸಿ ಕೊಟ್ಟರು. ಸಿಸ್ಟರ್ ಪತ್ರ ಓದಿದರು.

“ಇದ್ರಲ್ಲಿ ನಾನೆಲ್ಲಿ?”

“ನಿಮ್ಮನ್ನ ಬಿಟ್ಟಿದ್ದೀವಿ. ಬರೆದ್ರೆ ನಿಮ್ಮ ಸೀಟು ಹೋಗುತ್ತೆ.”

“ಹೋದ್ರೆ ಹೋಗ್ಲಿ ಅಂತ ಹೇಳೋಕೆ ನಂಗೆ ಬಾಯಿ ಬರಲ್ಲ ಕಣ್ರೀ. ಹೋದ್ರೆ ಅಳ್ತೀನಿ. ಆದ್ರೆ ಕ್ಲಾಸಲ್ಲಿ ಸಾಕ್ಷಿ ಅಂದ್ರೆ ಏನು ಅಂತ ಪಾಠ ಮಾಡ್ತಿದ್ರೆ ತಲೆ ಎತ್ತೋಕಾಗ್ತಿಲ್ಲ. ಎಲ್ಲಾ ಬರೀರಿ. ಆ ಸಾರ್ ಹೇಳಿದ್ದು, ನಾನು ಹೂಂ ಅಂದಿದ್ದು, ಎಲ್ಲಾ.”

ಬರೆದಿದ್ದೇನೆ. ಆದ್ದರಿಂದ ಈಗ ಕೇಳುತ್ತೇನೆ, ಬೇಡುತ್ತಿಲ್ಲ. ನಾವು ನಕಲು ಮಾಡಿದ್ದೇವೆ ಎನ್ನುವುದಾದರೆ ಹಾಗೆಂದು ಕಾರಣ ಸಹಿತ ಆದೇಶ ಹೊರಡಿಸಿ; ಹರಿಯಲು ನಮಗೂ ಒಂದು ಕಾಗದ ಸಿಗಲಿ. ಮಾಡಿಲ್ಲವೆಂದಾದರೆ ನಮ್ಮ ಅಂಕ ಕೊಡಿ, ಎಷ್ಟೇ ಕಡಿಮೆಯಿರಲಿ. ಅನುಮಾನ ಉಳಿದಿದ್ದರೆ ನಾಲ್ವರನ್ನೂ ನಾಲ್ಕು ಊರುಗಳಲ್ಲಿ ಕೂರಿಸಿ ಮತ್ತೊಮ್ಮೆ ಪರೀಕ್ಷಿಸಿ. ಸಿಸ್ಟರಿನ ಹೇಳಿಕೆಗೆ ಶಿಕ್ಷೆ ಕೊಡಲೇಬೇಕೆಂದಿದ್ದರೆ, ಅದನ್ನು ಬರೆದು, ಟೈಪು ಮಾಡಿ, ಪೆನ್ನು ಕೈಗಿತ್ತವರಿಂದ ಶುರು ಮಾಡಿ. ಆಕೆಯ ಸೀಟಿನ ತಂಟೆಗೆ ಹೋಗಬೇಡಿ. ಅದು ಆಕೆ ಗಳಿಸಿದ ಅಂಕಗಳಿಂದ ಬಂದದ್ದು, ತಮ್ಮ ದಯೆಯಿಂದಲ್ಲ.

ಇಂತಿ,
ಪಾಸೂ ಅಲ್ಲದ, ಫೇಲೂ ಅಲ್ಲದ
ಕಾರು ಕಲಿಸುವವಳು,
ಅವಳ ಅತ್ತಿಗೆ,
ಇದಕ್ಕೆ ಯಾವ ತಕರಾರೂ ಇಲ್ಲದ ಲಿಫ್ಟ್ ಮೆಕ್ಯಾನಿಕ್,
ಮತ್ತು ಈ ಸಲ ಪೂರ್ತಿ ಓದಿ, ತಾನಾಗಿಯೇ ಸಹಿ ಹಾಕಿದ ನರ್ಸ್.