ನಾನಿಲ್ಲದಾಗ ತಿರುಗುವ ಚಕ್ರ

ಫೆಬ್ರವರಿ 4, ಬೆಳಿಗ್ಗೆ

ಏಳನೇ ಚಕ್ರವೂ ನಿಂತಿತು. ಸೈಕಲ್ ರಿಮ್ಮು ಸರಿಯಾಗಿದೆ, ಬೇರಿಂಗ್ ಹೊಸದು, ಸ್ಟ್ಯಾಂಡನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿದಿದ್ದೇನೆ. ಬಲಗಡೆ ಇಳಿಯುವಾಗ ರಿಮ್ಮಿಗೆ ಜೋಡಿಸಿದ ತೋಳುಗಳು ಚಾಚಿಕೊಳ್ಳುತ್ತವೆ, ತುದಿಯ ಕಬ್ಬಿಣದ ಗುಂಡು ಕೆಳಗೆ ಎಳೆಯುತ್ತದೆ. ಎಡಗಡೆ ಏರುವಾಗ ಮಡಚಿಕೊಂಡು ಒಳಗೆ ಬರುತ್ತವೆ. ಅಂದಮೇಲೆ ತಿರುಗುತ್ತಲೇ ಇರಬೇಕಲ್ಲ? ಇಲ್ಲ. ಸ್ವಲ್ಪ ಹೊತ್ತು ಟಕ್ ಟಕ್ ಅಂದು, ನಿಧಾನವಾಗಿ, ಹಿಂದಕ್ಕೊಮ್ಮೆ ತೂಗಿ ನಿಲ್ಲುತ್ತದೆ. ಯಾಕೆ ಅಂತ ಓದಿದವರನ್ನು ಕೇಳಿದರೆ ಎಲ್ಲರದೂ ಒಂದೇ ಉತ್ತರ — ಯಾರೂ ತಳ್ಳದೆ ಯಾವ ಚಕ್ರವೂ ತಿರುಗುತ್ತಲೇ ಇರದು. ಆ ಉತ್ತರ ನನಗೆ ಬೇಡ.

ತಿಂಡಿ ಬೇಡ ಅಂದೆ. ಚಕ್ರವರ್ತಿಗಳಿಗೆ ಇವತ್ತೂ ಉಪವಾಸವೋ ಅಂತ ಅಕ್ಕ ಒಳಗಿನಿಂದ ಕೇಳಿದಳು. ಬೀದಿಯವರು ಇಟ್ಟ ಹೆಸರು. ಅಕ್ಕನ ಬಾಯಲ್ಲಿ ಕೇಳಿದರೆ ಮಾತ್ರ ಸಿಟ್ಟು ಬರುವುದಿಲ್ಲ.

ಫೆಬ್ರವರಿ 6

ಮತ್ತೆ ಚಕ್ರವಿರುವ ಮುಂದಿನ ಕೋಣೆಯ ಮಾತು. ಭಾವ ತೀರಿಕೊಂಡ ಮೇಲೆ ಇಲ್ಲಿಗೆ ಬಂದವಳು ಅಕ್ಕ. ಬಂದಾಗಿನಿಂದ ಒಳಕೋಣೆ. ಅಲ್ಲಿ ಕಿಟಕಿ ಇಲ್ಲ, ಮೇಲೊಂದು ಗವಾಕ್ಷಿ ಅಷ್ಟೇ. ಮಂಡಿ ನೋವು, ಬೀದಿಗೆ ಇಳಿಯಲಾರಳು. ಮುಂದಿನ ಕೋಣೆಯ ಕಿಟಕಿಯ ಹತ್ತಿರ ಮಂಚ ಹಾಕಿದರೆ ಹೋಗಿಬರುವವರ ಮುಖವಾದರೂ ಕಾಣುತ್ತದೆ. ಕೇಳುವುದು ನ್ಯಾಯವೇ.

ಆದರೆ ಈ ಮನೆಯಲ್ಲಿ ನೆಲ ಸಮವಾಗಿರುವುದು ಅದೊಂದೇ ಕಡೆ. ಕಿಟಕಿಯನ್ನೂ ತೆರೆಯುವ ಹಾಗಿಲ್ಲ — ಗಾಳಿಯೇ ತಿರುಗಿಸಿತು ಅನ್ನುತ್ತಾರೆ. ಬೆಳಿಗ್ಗೆ ಬಿಟ್ಟ ಚಕ್ರ ಮಧ್ಯಾಹ್ನದವರೆಗೆ ತಾನಾಗಿ ತಿರುಗಲಿ, ಅವತ್ತೇ ಕೋಣೆ ನಿನ್ನದು ಅಂದೆ. "ಹೋದ ವರ್ಷಾನೂ ಇದನ್ನೇ ಹೇಳಿದ್ದೆ ಪುಟ್ಟ" ಅಂದಳು. ಅರವತ್ತು ದಾಟಿದರೂ ನಾನು ಪುಟ್ಟ.

ಫೆಬ್ರವರಿ 10, ಮಧ್ಯಾಹ್ನ

 ಎಂಟನೇ ಚಕ್ರ. ಕೆಲಸಕ್ಕೆ ಲೇತ್ ಅಂಗಡಿಗೆ ಹೊರಡುವಾಗ ಸುಮ್ಮನೆ ಒಂದು ಸಲ ತಳ್ಳಿ ಹೋಗಿದ್ದೆ. ಊಟಕ್ಕೆ ಬಂದರೆ ಇನ್ನೂ ತಿರುಗುತ್ತಿದೆ. ಬಿಟ್ಟು ಹೋದದ್ದಕ್ಕಿಂತ ಜೋರಾಗಿಯೇ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ನಡುವೆ ನಿಂತಿತ್ತಾ ಅಂತ ಅಕ್ಕನನ್ನು ಕೇಳಿದೆ. ಟಕ್ ಟಕ್ ಕೇಳುತ್ತಲೇ ಇತ್ತು ಅಂದಳು. ಎರಡು ಸಲ ಬಡಿಸಿಕೊಂಡು ಉಂಡೆ. ಅಕ್ಕ ತಟ್ಟೆಯನ್ನೇ ನೋಡುತ್ತಿದ್ದಳು.

ಕೋಣೆಯ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಒಂದು ಸಲ ಆದದ್ದು ಲೆಕ್ಕಕ್ಕಿಲ್ಲ, ಮತ್ತೆ ಮತ್ತೆ ಆಗಬೇಕು.

ಫೆಬ್ರವರಿ 11

ರಜೆ. ಚಕ್ರದ ಎದುರಿಗೇ ಕೂತೆ. ಹತ್ತು ನಿಮಿಷಕ್ಕೆ ನಿಂತಿತು. ಮತ್ತೆ ತಳ್ಳಿದೆ... ಮತ್ತೆ ನಿಂತಿತು. ಊಟಕ್ಕೆ ಏಳಲಿಲ್ಲ.

ಫೆಬ್ರವರಿ 16

ಈ ವಾರವೆಲ್ಲ ಹೀಗೇ. ನಾನು ಹೋದರೆ ತಿರುಗುತ್ತದೆ, ಇದ್ದರೆ ನಿಲ್ಲುತ್ತದೆ. ಲೇತ್ ಅಂಗಡಿಯ ಯಜಮಾನರಿಗೆ ಹೇಳಿದೆ. ನಿನ್ನ ಮುಖ ಕಂಡರೆ ಚಕ್ರಕ್ಕೂ ಆಗುವುದಿಲ್ಲವೇನೋ ಅಂದರು. ತಮಾಷೆಗೆ ಅಂದದ್ದು. ಆದರೆ ಅದರಲ್ಲೇ ಸುಳಿವು ಸಿಕ್ಕಿತು — ನನ್ನ ಓಡಾಟ. ನೆಲ ಅದುರುತ್ತದೆ, ತೋಳುಗಳ ಲಯ ತಪ್ಪುತ್ತದೆ.

ಇನ್ನು ಮೇಲೆ ಊಟವಾದ ಕೂಡಲೇ ಹೊರಗೆ. ಸಂಜೆ ಚಹಾ ಅಂಗಡಿ. ನೀನೂ ಸುಮ್ಮನೆ ಮಲಗಿರು, ಓಡಾಡಬೇಡ ಅಂತ ಅಕ್ಕನಿಗೆ ಕಟ್ಟುನಿಟ್ಟಾಗಿ ಹೇಳಿದೆ. ಓಡಾಡುವ ಕಾಲಾ ಇವು ಅಂದಳು.

ಫೆಬ್ರವರಿ 21

ರಿಮ್ಮಿನ ಮೇಲೆ ಜಿಡ್ಡು. ಬಾಗಿಲ ಕಡೆಯ ಮಗ್ಗುಲಲ್ಲಿ. ಅದಕ್ಕೆ ಧೂಳು ಅಂಟಿದೆ, ಮುಲಾಮಿನ ವಾಸನೆ. ನನ್ನ ಕೈಯದೇ ಇರಬೇಕು — ದಿನಾ ಸಂಜೆ ಅಕ್ಕನ ಮಂಡಿಗೆ ಮುಲಾಮು ತಿಕ್ಕುವವನು ನಾನೇ ತಾನೇ. ಒರೆಸಿ, ಮತ್ತೆ ಬ್ಯಾಲೆನ್ಸ್ ಮಾಡಿದೆ. ಇನ್ನು ಕೆಲವು ದಿನ ನೀನೇ ಹಚ್ಚಿಕೋ ಅಂದೆ. ಆಗಲಿ ಅಂದಳು.

ಫೆಬ್ರವರಿ 25

ಮತ್ತೆ ಜಿಡ್ಡು. ಎಲ್ಲಿಂದ ಬರುತ್ತದೋ. ಬೇರಿಂಗಿನ ಗ್ರೀಸ್ ಸಿಡಿಯುತ್ತಿರಬೇಕು.

ಯಜಮಾನರು ಮುಂದಿನ ಭಾನುವಾರ ನೋಡಲು ಬರುತ್ತಾರಂತೆ, ಪರಿಚಯದ ಮೇಷ್ಟ್ರೊಬ್ಬರನ್ನೂ ಕರೆತರುತ್ತಾರಂತೆ. ನಾವೆಲ್ಲ ಹೊರಗೆ ನಿಂತು ಬಾಗಿಲ ಸಂದಿಯಿಂದ ನೋಡಬೇಕು ಅಂತ ಹೇಳಿದ್ದೇನೆ. ಅಕ್ಕನಿಗೆ ತಿಳಿಸಿದಾಗ ಅವಳ ಮುಖ ಯಾಕೋ ಸಣ್ಣಗಾಯಿತು.

ಫೆಬ್ರವರಿ 27

ಅಂಗಡಿಯಲ್ಲಿ ಕರೆಂಟ್ ಹೋಯಿತು, ಬೇಗ ಬಂದೆ. ಸ್ಕೂಟರ್ ರಿಪೇರಿಗೆ ಹೋಗಿದೆ, ನಡೆದೇ ಬಂದೆ. ಸದ್ದಾಗದಂತೆ ಬೀಗ ತೆಗೆದೆ, ನೆಲ ಅದುರಬಾರದಲ್ಲ.

ಅಕ್ಕ. ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದಿದ್ದಳು, ಇನ್ನೊಂದು ಕೈ ರಿಮ್ಮಿನ ಮೇಲೆ. ತಳ್ಳುತ್ತಿದ್ದಳು.

ಏನೇನು ಅಂದೆನೋ. ಭಾನುವಾರ ಜನ ಬರುತ್ತಾರೆ, ಮಾನ ಕಳೆದೆ ಅಂದೆ. ಆಮೇಲೆ ಅಂದದ್ದು ಮಾತ್ರ ಪೂರ್ತಿ ನೆನಪಿದೆ. "ಒಂದು ಕೋಣೆಗೋಸ್ಕರ ಇಷ್ಟು ದಿನ ನನಗೆ ಮೋಸ ಮಾಡಿದೆಯಲ್ಲ ಅಕ್ಕ."

ಅವಳು ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಮಂಚದವರೆಗೆ ಹೋಗಲು ಅಷ್ಟು ಹೊತ್ತು ಬೇಕಾಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಾದರೂ ಕೈ ಹಿಡಿಯಲಿಲ್ಲ.

ಮಾರ್ಚ್ 2

ಅಕ್ಕನ ಮಗಳು ಕಾರಿನಲ್ಲಿ ಬಂದು ಕರೆದುಕೊಂಡು ಹೋದಳು. ಅಕ್ಕನೇ ಫೋನ್ ಮಾಡಿ ಕರೆಸಿದ್ದು. ಅನ್ನ ಮುಚ್ಚಿಟ್ಟಿದ್ದೇನೆ ಅಂದಳು, ಬೇರೇನೂ ಇಲ್ಲ. ನಾನು ಬಾಗಿಲವರೆಗೂ ಹೋಗಲಿಲ್ಲ. ಹಟ.

ಯಜಮಾನರಿಗೆ ಬರಬೇಡಿ ಅಂದೆ.

ಮಾರ್ಚ್ 19

ಒಳಕೋಣೆ ಗುಡಿಸಲು ಹೋಗಿದ್ದೆ, ಇಷ್ಟು ದಿನ ಆದ ಮೇಲೆ. ಲೈಟ್ ಹಾಕಿದಾಗ ಕಂಡಿತು. ಗೋಡೆಯ ಮೇಲೆ ಸೊಂಟದ ಎತ್ತರಕ್ಕೆ ಕೈಗುರುತು. ಮುಲಾಮಿನ ಜಿಡ್ಡು, ಅದರ ಮೇಲೆ ಧೂಳು. ಮಂಚದಿಂದ ಶುರುವಾಗಿ, ನಡುಮನೆ ದಾಟಿ, ಮುಂದಿನ ಕೋಣೆಯ ಚೌಕಟ್ಟಿನವರೆಗೆ. ಒಂದರ ಮೇಲೊಂದು, ಒಂದರ ಮೇಲೊಂದು. ಕೆಲವು ಕಡೆ ಕೆಳಕ್ಕೆ ಜಾರಿವೆ.

ಸದ್ದು ನಿಂತಾಗಲೆಲ್ಲ ಎದ್ದು ಬಂದಿದ್ದಾಳೆ. ಇಷ್ಟನ್ನೂ ಆ ಮಂಡಿಯಲ್ಲಿ.

ಮಾರ್ಚ್ 20

ಅಕ್ಕನ ಮಗಳಿಗೆ ಫೋನ್ ಮಾಡಿದೆ. ಕೋಣೆ ಖಾಲಿ ಮಾಡುತ್ತೇನೆ, ಅಮ್ಮನನ್ನು ಕಳಿಸು ಅಂದೆ.  ಮೆತ್ತಗೆ ಹೇಳಿದಳು. "ಮಾಮ, ಕಿಟಕಿ ಇರೋ ಕೋಣೆ ಇಲ್ಲಿ ಎರಡು ವರ್ಷದಿಂದ ಖಾಲಿ ಇತ್ತು. ಅಮ್ಮನಿಗೆ ಅಂತಾನೇ ಇಟ್ಟಿದ್ದೆ. ಚಕ್ರ ನಿಂತ ದಿನ ಅವನು ಊಟ ಮಾಡಲ್ಲ, ನಾನು ನಿನ್ನ ಮನೆಗೆ ಬಂದ್ರೆ ಅವನು ಒಲೆನೂ ಹಚ್ಚಲ್ಲ ಅಂತ ಹೇಳಿ ಅಮ್ಮನೇ ಬರಲಿಲ್ಲ."

ಮಂಡಿ ಊದಿಕೊಂಡಿದೆಯಂತೆ. ಇನ್ನು ಓಡಾಡಿಸಬೇಡಿ, ಪ್ರಯಾಣವಂತೂ ಬೇಡವೇ ಬೇಡ ಅಂದಿದ್ದಾರಂತೆ ಡಾಕ್ಟರ್.

ಕೋಣೆಗೋಸ್ಕರ ಅಂದಿದ್ದೆ. ನನ್ನ ನಾಲಿಗೆಗೆ ಬೆಂಕಿ ಬೀಳ.

ಮಾರ್ಚ್ 22

ಮುಂದಿನ ಕೋಣೆಯಲ್ಲಿ ಮಂಚ ಹಾಕಿದೆ. ಕಿಟಕಿಯ ಚಿಲಕ ತುಕ್ಕು ಹಿಡಿದಿತ್ತು, ಎಣ್ಣೆ ಬಿಟ್ಟು ಸುತ್ತಿಗೆಯಲ್ಲಿ ತಟ್ಟಿ ತೆಗೆದೆ. ಎದುರು ಮನೆಯ ಹೆಂಗಸು ನೋಡಿ, ನಿಮ್ಮಕ್ಕ ಬಂದರಾ ಅಂದಳು. ಇಲ್ಲ ಅಂದೆ. ನೆಲದ ಬೋಲ್ಟ್ ಕಳಚಿ ಚಕ್ರವನ್ನು ಸ್ಟ್ಯಾಂಡ್ ಸಮೇತ ಮೂಲೆಗೆ ತಳ್ಳಿದ್ದೇನೆ. ಪೂರ್ತಿ ಬಿಚ್ಚಲು ಸ್ಪ್ಯಾನರ್ ಹಿಡಿದಿದ್ದೆ, ಆಗಲಿಲ್ಲ. ರಿಮ್ಮಿನ ಮೇಲಿನ ಜಿಡ್ಡನ್ನೂ ಒರೆಸಿಲ್ಲ.

ಏಪ್ರಿಲ್ 9, ಮಧ್ಯಾಹ್ನ

ಅಕ್ಕನೇ ಫೋನ್ ಮಾಡಿದಳು. ತಪ್ಪಾಯಿತು ಅನ್ನಬೇಕು ಅಂತ ಇಷ್ಟು ದಿನ ಬಾಯಿಪಾಠ ಮಾಡಿಟ್ಟಿದ್ದೆ. ಅದಕ್ಕೆ ಎಡೆಯೇ ಕೊಡಲಿಲ್ಲ. ಚಕ್ರ ತಿರುಗುತ್ತಿದೆಯಾ ಅಂತ ಕೇಳಿದಳು.

ತಿರುಗುತ್ತಿದೆ ಅಂದೆ. ತಿಂಗಳ ಮೇಲಾಯಿತು ಅದನ್ನು ತಿರುಗಿಸಿ.

ಎಲ್ಲಿ, ಫೋನ್ ಹತ್ತಿರ ಹಿಡಿ, ಕೇಳೋಣ ಅಂದಳು. ಮೂಲೆಗೆ ಹೋದೆ. ಒಂದು ಕೈಯಲ್ಲಿ ಫೋನ್ ಹಿಡಿದು, ಇನ್ನೊಂದು ಕೈಯಲ್ಲಿ ತಳ್ಳಿದೆ. ಟಕ್ ಟಕ್ ಟಕ್. ಕೇಳಿಸಿಕೊಂಡಳು.

"ಅಷ್ಟು ಜೋರಾಗಿ ತಳ್ಳಬೇಡ್ವೋ ಪುಟ್ಟ. ಮೇಲಿನ ತೋಳು ಸಿಕ್ಕಿಹಾಕ್ಕೊಳ್ಳುತ್ತೆ. ಕೆಳಗಿಂದ, ಮೆಲ್ಲಗೆ."

 ಕೆಳಗಿನಿಂದ, ಮೆಲ್ಲಗೆ ತಳ್ಳಿದೆ. ಇಬ್ಬರೂ ಕೇಳಿದೆವು. ಸದ್ದು ನಿಧಾನವಾಯಿತು. ಚಕ್ರ ಹಿಂದಕ್ಕೊಮ್ಮೆ ತೂಗಿ ನಿಂತಿತು. ಮತ್ತೆ ತಳ್ಳಲಿಲ್ಲ.

ಊಟ ಆಯ್ತಾ ಅಂದಳು. ಆಯ್ತು ಅಂದೆ.

ಅದೂ ಸುಳ್ಳು. ಈಗಲಾದರೂ ಎದ್ದು ಒಲೆ ಹಚ್ಚಬೇಕು.