ದಿನಕ್ಕೆ ಇಬ್ಬರು

ಜೂನ್ 3, ಬೆಳಿಗ್ಗೆ 7
ಕಾಲೇಜಿನ ವೆಬ್‌ಸೈಟಿನಲ್ಲಿರುವ ನನ್ನ ಕೆಮಿಸ್ಟ್ರಿ ಪುಟದ ಲಿಂಕ್‌ಗಳನ್ನೆಲ್ಲ ಒತ್ತಿ ನೋಡಿದೆ. ನಲವತ್ತೊಂದರಲ್ಲಿ ಮೂರು ತೆರೆಯಲಿಲ್ಲ. ಟೈಟ್ರೇಶನ್ ವಿಡಿಯೋ ಮಾಯ — ಬೇರೆ ಹುಡುಕಿ ಹಾಕಿದೆ. ಕೊನೆಗೆ ‘ಇವತ್ತಿನ ಸಮೀಕರಣ’. ಆರು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲ.
ನಿನ್ನೆ ಪುಟ ನೋಡಿದವರು: ಇಬ್ಬರು. ಎಂದಿನಂತೆ. ಒಬ್ಬಳು ನಾನೇ. ಇನ್ನೊಬ್ಬರು ಯಾರೋ...

ಜೂನ್ 5
ಪ್ರಿನ್ಸಿಪಾಲ್ ಕರೆಸಿದರು. ಕಾಲೇಜಿಗೆ ಹೊಸ ವೆಬ್‌ಸೈಟ್ ಅಂತೆ. ಹದಿನೈದಕ್ಕೆ ಹಳೆಯ ಪುಟಗಳಿಗೆಲ್ಲ ಎಳ್ಳುನೀರು.
“ನಿಮ್ಮ ಕೆಮಿಸ್ಟ್ರಿ ಲಿಂಕ್‌ಗಳನ್ನ ಯಾರು ನೋಡ್ತಾರೆ ಮೇಡಂ?”
“ಒಬ್ರು ನೋಡ್ತಾರೆ ಸರ್. ದಿನಾ.”
ನಕ್ಕರು. “ಯಾರು ಅಂತ ತೋರಿಸಿ, ಇಟ್ಕೊಳ್ಳೋಣ.”

ಜೂನ್ 6
ಕಂಪ್ಯೂಟರ್ ಆಪರೇಟರ್‌ನನ್ನು ಕೇಳಿದೆ.
“ಬೇಜಾರ್ ಮಾಡ್ಕೋಬೇಡಿ ಮೇಡಂ. ಆ ಇನ್ನೊಬ್ರು ಮನುಷ್ಯರೇ ಅಲ್ದೆ ಇರಬಹುದು. ಎಲ್ಲಾ ಪುಟಾನೂ ಸುತ್ತು ಹೊಡೆಯೋ ಸರ್ಚ್ ಪ್ರೋಗ್ರಾಂ ಇರುತ್ತೆ. ಅದೂ ಲೆಕ್ಕಕ್ಕೆ ಬಂದ್ಬಿಡುತ್ತೆ.”
ಆರು ವರ್ಷ ಒಂದು ಯಂತ್ರಕ್ಕೆ ಪಾಠ ಹೇಳಿದೆನೇ? ಪರೀಕ್ಷೆಯ ಹಿಂದಿನ ದಿನ ‘ಗಾಬರಿ ಬೇಡ’ ಎಂದು ಬೇರೆ ಬರೆದಿದ್ದೆ. ನಗು ಬರಬೇಕಿತ್ತು. ಬರಲಿಲ್ಲ.
ಮನೆಗೆ ಬಂದರೆ ಮಾತಾಡುವುದು ಕುಕ್ಕರ್ ಒಂದೇ. ಅದೂ ಮೂರೇ ಸಲ.

ಜೂನ್ 8, ಭಾನುವಾರ
ಜ್ವರ. ಅಕ್ಕ ಫೋನ್ ಮಾಡಿದಳು.
“ಏನೇ, ಗಂಟಲು ಕಟ್ಟಿದೆ?”
“ಪಾಠ ಮಾಡಿ ಮಾಡಿ...”
ಭಾನುವಾರ ಯಾರಿಗೆ ಪಾಠ? ಅವಳಿಗೆ ಹೊಳೆಯಲಿಲ್ಲ. ಹೊಳೆಯಲಿ ಎಂದು ಸ್ವಲ್ಪ ಹೊತ್ತು ಕಾದೆ.
ಸಮೀಕರಣ ಹಾಕಿ ಮಲಗಿದೆ. ಏನು ಹಾಕಿದೆನೋ, ಕಣ್ಣು ಮಂಜು.

ಜೂನ್ 12
ಜ್ವರ ಬಿಟ್ಟಿದೆ. ನಾಲ್ಕು ದಿನದಿಂದ ಪುಟ ತೆರೆದಿಲ್ಲ. ಆಪರೇಟರ್‌ಗೆ ಮೆಸೇಜ್ ಹಾಕಿದೆ — ತೆಗೆದುಬಿಡಪ್ಪ, ಹದಿನೈದರವರೆಗೆ ಯಾಕೆ. “ನಾಳೆ ಬಂದ ತಕ್ಷಣ ತೆಗೀತೀನಿ ಮೇಡಂ.” ಯಾಕೆ ಎಂದು ಕೂಡ ಕೇಳಲಿಲ್ಲ.

ಜೂನ್ 13, ಬೆಳಿಗ್ಗೆ 8.40
ಕೊನೆಯ ಸಲ ನೋಡೋಣ ಎಂದು ತೆರೆದೆ. ‘ತಪ್ಪಿದ್ದರೆ ತಿಳಿಸಿ’ ಎಂಬ ಪೆಟ್ಟಿಗೆ ಆರು ವರ್ಷ ಖಾಲಿ ಇತ್ತು. ಇವತ್ತು ಒಂದು ಸಂದೇಶ. ಹಾಗೇ ಇಳಿಸಿಕೊಳ್ಳುತ್ತೇನೆ:
“ಮೇಡಂ, ಭಾನುವಾರದ ನೀರಿನ ಸಮೀಕರಣದಲ್ಲಿ ಎಡಗಡೆ ಎರಡು ಆಕ್ಸಿಜನ್, ಬಲಗಡೆ ಒಂದೇ. ನೀವು ಇಂಥದ್ರಲ್ಲಿ ತಪ್ಪೋರಲ್ಲ. ಆಮೇಲೆ ಹೊಸದೂ ಬರ್ಲಿಲ್ಲ. ನಮ್ಮ ಶಾಲೇಲಿ ಲ್ಯಾಬ್ ಇಲ್ಲ, ದಿನಾ ನಿಮ್ಮದನ್ನೇ ಬೋರ್ಡ್ ಮೇಲೆ ಬರೀತೀನಿ. ಮಕ್ಕಳು ಕೇಳ್ತಿದಾರೆ. ಹುಷಾರಾಗಿದೀರಾ?”
ಅತ್ತುಬಿಟ್ಟೆ. ಮತ್ತೆ ಓದಿದೆ, ಮತ್ತೆ ಅತ್ತೆ.
ಆಪರೇಟರ್ ಫೋನ್ ಎತ್ತುತ್ತಿಲ್ಲ. ಅವನು ಬರುವುದು ಒಂಬತ್ತಕ್ಕೆ. ಕಾಲೇಜು ಹತ್ತು ನಿಮಿಷದ ದಾರಿ, ಓಡಿದರೆ ಇನ್ನೂ... ಮೊದಲು ಉತ್ತರ. ಈ ಸಲ ತಪ್ಪಬಾರದು, ಇಲ್ಲೇ ಬರೆದು ನೋಡುತ್ತೇನೆ:
“ಹುಷಾರಾಗಿದ್ದೇನೆ. ಹೈಡ್ರೋಜನ್ ಮುಂದೆ ಎರಡು, ನೀರಿನ ಮುಂದೆ—”
ಎಂಟೂ ಐವತ್ತು ಆಯಿತು. ಉಳಿದದ್ದು ಆಮೇಲೆ, ಮೊದಲು ಓಡಬೇಕು.