ಹೊಸ ಮಂಡಿಯ ಕುರ್ಚಿ

ನಗರದ ರಸ್ತೆ ನಿರ್ವಹಣಾ ವಿಭಾಗದ ಮುಖ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ನೀವು ಈ ಪತ್ರವನ್ನು ಕೂತು ಓದುತ್ತೀರಿ. ನಾನು ಇದನ್ನು ಇಸ್ತ್ರಿ ಮೇಜಿನ ಮೇಲೆ ಕಾಗದ ಹರಡಿಕೊಂಡು ನಿಂತು ಬರೆಯುತ್ತಿದ್ದೇನೆ. ಕಾರಣ ಇಷ್ಟೇ: ನನ್ನ ಕುರ್ಚಿ ನಿಮ್ಮ ಬಳಿ ಇದೆ. ತಮ್ಮ ಇಲಾಖೆಯ ಲಾರಿ ಅದನ್ನು ಹ್ಯಾಚೆಟ್ ಬೀದಿಯ ಹಿಮದ ನಡುವಿನಿಂದ ಎತ್ತಿಕೊಂಡು ಹೋಗಿದೆ. ಅದು ಕಸವಲ್ಲ. ಬಲ ಮಂಡಿಯನ್ನು ಕತ್ತರಿಸಿ ತೆಗೆದು ಲೋಹದ ಮಂಡಿ ಕೂರಿಸಿಕೊಂಡ ಒಬ್ಬ ಹೆಂಗಸು ಕೂತು ಏಳಬಲ್ಲ ಏಕೈಕ ಕುರ್ಚಿ. ದಯವಿಟ್ಟು ವಾಪಸ್ ಕೊಡಿ. ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಇಷ್ಟನ್ನೇ ಫೋನಿನಲ್ಲಿ ಹೇಳಿದಾಗ ತಮ್ಮ ಕಚೇರಿಯವರು ನನ್ನನ್ನು ಸಂಗೀತ ಕೇಳಲು ಬಿಟ್ಟು ಎಲ್ಲೋ ಹೋದರು. ಅದಕ್ಕೇ ಊರಿಗೆಲ್ಲ ಕೇಳುವ ಹಾಗೆ ಬರೆಯುತ್ತಿದ್ದೇನೆ.

ನಮ್ಮ ಗುಡ್ಡದ ಪದ್ಧತಿ ನಿಮಗೆ ತಿಳಿಯದ್ದೇನಲ್ಲ. ಹಿಮ ಬಿದ್ದಾಗ ನಿಮ್ಮ ಯಂತ್ರ ಗುಡ್ಡ ಹತ್ತುವುದಿಲ್ಲ. ಹಾಗಾಗಿ ನಾವೇ ಸಲಿಕೆ ಹಿಡಿದು ಮನೆ ಮುಂದೆ ಒಂದು ಕಾರು ನಿಲ್ಲುವಷ್ಟು ಜಾಗ ಬಗೆಯುತ್ತೇವೆ. ಬಗೆದವರು ಕಾರು ತೆಗೆದುಕೊಂಡು ಹೊರಗೆ ಹೋಗುವಾಗ ಆ ಜಾಗದಲ್ಲಿ ಒಂದು ಕುರ್ಚಿ ಇಟ್ಟು ಹೋಗುತ್ತಾರೆ. ಕುರ್ಚಿ ಇದ್ದರೆ ಜಾಗ ಅವರದು. ನನ್ನ ಅತ್ತೆಯ ಕಾಲದಿಂದ ನಡೆದು ಬಂದಿರುವ ನ್ಯಾಯ ಇದು. ಇಲ್ಲಿ ಗಂಡ ಹೆಂಡತಿ ಬೇರೆಯಾಗಿದ್ದಾರೆ, ಅಣ್ಣ ತಮ್ಮ ಮಾತು ಬಿಟ್ಟಿದ್ದಾರೆ, ಆದರೆ ಒಬ್ಬರ ಕುರ್ಚಿಯನ್ನು ಇನ್ನೊಬ್ಬರು ಸರಿಸಿದ್ದನ್ನು ನಾನು ಕಂಡಿಲ್ಲ. ಕುರ್ಚಿಯ ಬೆಲೆ ಅಧಿಕಾರಿಗಳಿಗೆ ನಾವು ಹೇಳಿಕೊಡಬೇಕೇ?

ಈ ಚಳಿಗಾಲ ತಾವು ಹೊಸದಾಗಿ ಅಧಿಕಾರ ವಹಿಸಿಕೊಂಡಿರಿ. 'ಸಾರ್ವಜನಿಕ ರಸ್ತೆಯಲ್ಲಿನ ಅಡಚಣೆಗಳ ತೆರವು' ಎಂದು ಅಪ್ಪಣೆ ಹೊರಡಿಸಿದಿರಿ. ಅಗ್ನಿಶಾಮಕದವರ ವಾಹನಕ್ಕೆ ದಾರಿ ಬೇಕು ಎಂಬ ತಮ್ಮ ವಾದವನ್ನು ನಾನೂ ಕೇಳಿದ್ದೇನೆ. ಒಪ್ಪೋಣ. ಆದರೆ ಸೊಂಟದೆತ್ತರ ಹಿಮ ಅಡಚಣೆಯಲ್ಲ, ಅದರ ನಡುವೆ ಇಟ್ಟ ಕುರ್ಚಿ ಮಾತ್ರ ಅಡಚಣೆ ಎಂಬುದು ಯಾವ ಶಾಸ್ತ್ರ? ಹಿಮ ಎತ್ತಲು ಹತ್ತಲಾರದ ಗುಡ್ಡವನ್ನು ಕುರ್ಚಿ ಎತ್ತಲು ನಿಮ್ಮ ಲಾರಿ ಸಲೀಸಾಗಿ ಹತ್ತಿತಲ್ಲ, ಆ ಚಾಲಕನಿಗೆ ನನ್ನ ಅಭಿನಂದನೆ ತಿಳಿಸಿ.

ಈಗ ನನ್ನ ಕಥೆ. ನಾನು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿದವಳು. ಸಿಮೆಂಟು ನೆಲದ ಮೇಲೆ ನಿಂತು ಈ ಊರಿನ ಮಕ್ಕಳಿಗೆ ಬಡಿಸಿಯೇ ಮಂಡಿ ಸವೆಸಿದೆ. ತಾವು ಇದೇ ಊರಿನವರಾದರೆ ನನ್ನ ಕೈಯ ಆಲೂಗಡ್ಡೆ ತಿಂದೇ ಬೆಳೆದಿರುತ್ತೀರಿ. ಕೊನೆಗೆ ಮಂಡಿ ಬದಲಿಸದೆ ಗತಿಯಿಲ್ಲ ಎಂದರು ಡಾಕ್ಟರು. ಬದಲಿಸಿದರು. ನೋವಿನ ವಿಷಯ ಬರೆದು ತಮ್ಮ ಊಟ ಕೆಡಿಸುವುದಿಲ್ಲ. ನೋವಿಗಿಂತ ದೊಡ್ಡ ಸಂಕಟ ಬೇರೆ ಇದೆ. ಹೊಸ ಮಂಡಿಗೆ ಮಡಿಸುವುದನ್ನು ಹೇಳಿಕೊಡಬೇಕು, ಅದೂ ಬೇಗ ಹೇಳಿಕೊಡಬೇಕು. ತಡವಾದರೆ ಒಳಗಿನ ಮಾಂಸ ಬಿಗಿದು ಕಾಲು ಕೋಲಾಗುತ್ತದೆ. ಆಮೇಲೆ ಮತ್ತೆ ಆಸ್ಪತ್ರೆಗೆ ಹೋಗಿ, ಅರಿವಳಿಕೆ ಕೊಡಿಸಿಕೊಂಡು, ಡಾಕ್ಟರ ಕೈಯಲ್ಲಿ ಬಲವಂತವಾಗಿ ಮಡಿಸಿಕೊಳ್ಳಬೇಕು. ಆ ಮಾತು ಕೇಳಿದ ದಿನದಿಂದ ನನಗೆ ಬೇರೆ ಭಯವಿಲ್ಲ.

ಮಡಿಸುವುದನ್ನು ಹೇಳಿಕೊಡುವ ಗುರು ಆ ಕುರ್ಚಿ. ಅದು ನನ್ನದಲ್ಲ, ನಮ್ಮ ಚರ್ಚಿನದು. ನಮ್ಮವರೇ ಒಬ್ಬ ಬಡಗಿ, ಈಗಿಲ್ಲ, ತನ್ನ ಹೆಂಡತಿಯ ಮಂಡಿಗೆಂದು ಮಾಡಿದ್ದು. ಕಾಲು ಎತ್ತರ, ಕೈ ಗಟ್ಟಿ, ತೂಕವೋ ತೂಕ. ಆಕೆಯ ಕಾಲು ವಾಸಿಯಾದ ಮೇಲೆ ಚರ್ಚಿನ ನೆಲಮಾಳಿಗೆಗೆ ಬಂತು. ಅಲ್ಲಿಂದ ಮಂಡಿಯಿಂದ ಮಂಡಿಗೆ ಮನೆ ಮನೆ ಸುತ್ತುತ್ತಿದೆ. ಅದರಲ್ಲಿ ಕೂತು, ಪಾದವನ್ನು ನೆಲದ ಮೇಲೆ ಜಾರಿಸುತ್ತ ಕುರ್ಚಿಯ ಅಡಿಗೆ ಎಳೆದುಕೊಳ್ಳಬೇಕು. ಆಮೇಲೆ ಕೈ ಊರಿ ಏಳಬೇಕು. ನಮ್ಮ ಮನೆಯ ಬೇರೆ ಕುರ್ಚಿಗಳೆಲ್ಲ ಗಿಡ್ಡ. ಕೂತರೆ ಏಳಲಾರೆ. ನನ್ನ ನಂತರದ ಸರದಿ ನಮ್ಮ ಚರ್ಚಿನವಳೇ ಆದ ಸ್ಟೇಸಿಯಾಳದು, ಈಸ್ಟರ್ ಕಳೆದ ಮೇಲೆ ಅವಳ ಮಂಡಿ. ಆಗಲೇ ಹೇಳಿ ಕಳಿಸಿದ್ದಾಳೆ: "ಕುರ್ಚಿ ಹುಷಾರು ಕಣೇ, ಕಾಫಿಗೀಫಿ ಚೆಲ್ಲೀಯ!"

ಇನ್ನು ತಪ್ಪು ಯಾರದು ಎಂಬ ಪ್ರಶ್ನೆ. ನನ್ನ ಗಂಡ ಎಮಿಲ್‌ದೂ ಇದೆ. ಮುಚ್ಚಿಡುವುದಿಲ್ಲ. ಅವತ್ತು ಅವನು ನನ್ನನ್ನು ಫಿಸಿಯೋಥೆರಪಿಗೆ ಕರೆದೊಯ್ದ. ನಾನು ಕಾರಿನಲ್ಲಿ ಕಾಲು ಚಾಚಿ ಕೂತ ಮೇಲೆ ಮತ್ತೆ ಮನೆಯೊಳಗೆ ಹೋಗಿ ಏನನ್ನೋ ಹೊತ್ತು ತಂದ. ಕಿಟಕಿಯ ಮಂಜಿನಲ್ಲಿ ನನಗೆ ಕಾಣಲಿಲ್ಲ. ನನ್ನ ಕಾಲು ಹಿಡಿದು ಬಗ್ಗಿಸುವ ಹುಡುಗಿ ಮಾರ್ಲೀನ್ ಅವತ್ತು ಖುಷಿಯಾಗಿದ್ದಳು. "ಬಗ್ತಾ ಇದೆ ನೋಡಿ, ಆಲ್ಬೀನಮ್ಮ! ಆ ಕುರ್ಚಿ ಮಾತ್ರ ಬಿಡಬೇಡಿ. ಉಪವಾಸದ ಶುಕ್ರವಾರಕ್ಕೆ ಕಡುಬು ಮಾಡೋಕೆ ಹೋಗೇ ಹೋಗ್ತೀರ," ಎಂದಳು. ಈಸ್ಟರ್‌ಗೆ ಮುಂಚಿನ ಶುಕ್ರವಾರಗಳಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ನಾವು ಹೆಂಗಸರು ಆಲೂಗಡ್ಡೆ ಹೂರಣದ ಕಡುಬು ಮಾಡುತ್ತೇವೆ. ಅಂಚು ಒತ್ತುವ ಮೇಜಿನ ತುದಿಯ ಜಾಗ ನನ್ನದು. ಆ ಮೇಜಿಗೆ, ಆ ಹರಟೆಗೆ, ಆ ಹಿಟ್ಟಿನ ಕೈಗಳ ನಡುವೆ ವಾಪಸ್ ಹೋಗಬೇಕು ಎನ್ನುವುದೊಂದೇ ನನ್ನ ಆಸೆ. ಮೊದಲಿನ ಹಾಗೆ ಬದುಕುವುದು ಎಂದರೆ ನನಗೆ ಅದೇ.

ತಿರುಗಿ ಬಂದಾಗ ನಾವು ಬಗೆದ ಜಾಗದಲ್ಲಿ ಯಾರದೋ ಕಾರು ನಿಂತಿತ್ತು. ಎಮಿಲ್ ಬಿಳಿಚಿಕೊಂಡ.

"ಕುರ್ಚಿ ಎಲ್ಲಿ ಹೋಯ್ತು?" ಅಂದ.

"ಯಾವ ಕುರ್ಚಿ?" ಅಂದೆ.

ಅವನು ನನ್ನ ಮಂಡಿಯ ಕಡೆ ನೋಡಿದ. ಆಗ ನನಗೆ ಅರ್ಥವಾಯಿತು.

"ಎಮಿಲ್, ನನ್ನ ಕುರ್ಚಿನ ಬೀದೀಲಿ ಇಟ್ಯಾ? ನಿಂಗೇನು ಬುದ್ಧಿ ಗಿದ್ಧಿ ಇದ್ಯಾ?"

"ದಿನಾ ಇಡೋ ಆ ಮಡಚೋ ಕುರ್ಚಿ ಗಾಳಿಗೆ ಹಾರೋಗುತ್ತೆ ಕಣೇ. ಇದು ಭಾರ. ನೀನು ಹೆಂಗಿದ್ರೂ ಅಷ್ಟೊತ್ತು ಇದ್ರಲ್ಲಿ ಕೂರಲ್ಲ. ಅಲ್ದೆ ಅದು ಯಾರ ಕುರ್ಚಿ ಅಂತ ಬೀದಿಗೆಲ್ಲಾ ಗೊತ್ತು. ಹೊಸ ಮಂಡಿ ಕುರ್ಚಿಗೆ ಕೈ ಹಾಕೋ ಪಾಪಿ ಯಾರಿದಾನೆ ಅಂದ್ಕೊಂಡೆ."

ಮಾನ್ಯರೇ, ಅವನ ಲೆಕ್ಕದಲ್ಲಿ ಒಂದೇ ತಪ್ಪಿತ್ತು. ಅವನು ನೆರೆಹೊರೆಯವರನ್ನು ಎಣಿಸಿದ್ದ, ತಮ್ಮನ್ನು ಎಣಿಸಿರಲಿಲ್ಲ. ಎದುರು ಮನೆಯ ರೋಸಲಿ ಬಾಗಿಲಿಂದಲೇ ಕೂಗಿದಳು: "ಕೂಗಾಡಿದೆ ಕಣೇ! ಇದು ಕಾಯಿಲೆಯವರ ಕುರ್ಚಿ ಕಣ್ರಪ್ಪಾ ಅಂದೆ. ಆ ಲಾರಿಯವನು, ನಮಗೆ ಎಲ್ಲಾ ಕುರ್ಚಿನೂ ಒಂದೇ ಅಮ್ಮಾ ಅಂದ!" ತಾವು ಸಮಾನತೆಯಲ್ಲಿ ನಂಬಿಕೆ ಇಟ್ಟವರು ಎಂದು ಸಂತೋಷವಾಯಿತು.

ಬೀದಿಯ ಎರಡೂ ಬದಿ ಹಿಮದ ಗೋಡೆ, ನನ್ನನ್ನು ಇಳಿಸಲೂ ಎಡೆಯಿಲ್ಲದೆ ಕಾರನ್ನು ಗುಡ್ಡದ ಬುಡದಲ್ಲಿ ನಿಲ್ಲಿಸಬೇಕಾಯಿತು. ಅಲ್ಲಿಂದ ವಾಕರ್ ಊರಿಕೊಂಡು ಹತ್ತಿದೆ. ಏರುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಕೆಟ್ಟ ಕಾಲು ಮೊದಲು ಎಂದು ಮಾರ್ಲೀನ್ ಹೇಳಿಕೊಟ್ಟಿದ್ದಾಳೆ. ಒಳ್ಳೆಯವರು ಸ್ವರ್ಗಕ್ಕೆ, ಕೆಟ್ಟವರು ನರಕಕ್ಕೆ ಎಂದು ನೆನಪಿಟ್ಟುಕೊಳ್ಳಬೇಕಂತೆ. ಹಿಮದಲ್ಲಿ ಎರಡು ಕಾಲೂ ನರಕದ ಕಡೆಗೇ ಜಾರುತ್ತಿದ್ದವು. ಹಿಂದೆ ಎಮಿಲ್, ಅವನಿಗೆ ಸೊಂಟ ನೋವು. ನಾನು ಬಿದ್ದರೆ ಅವನ ಮೇಲೆ, ಅವನು ಬಿದ್ದರೆ ಬೀದಿಯ ಮೇಲೆ. ಇಬ್ಬರೂ ಒಬ್ಬರನ್ನೊಬ್ಬರು ಬಯ್ಯಲೂ ಉಸಿರಿಲ್ಲದೆ ಮನೆ ಸೇರಿದೆವು. ಒಳಗೆ ಹೋದವಳಿಗೆ ಕೂರಬೇಕು ಅನ್ನಿಸಿತು. ಎಲ್ಲಿ ಕೂರಲಿ?

ಈಗ ನಮ್ಮ ಮನೆಯಲ್ಲಿ ನಾನು ಯಾರ ಹಂಗೂ ಇಲ್ಲದೆ ಕೂತು ಏಳಬಹುದಾದ ಒಂದೇ ಒಂದು ಆಸನ ಉಳಿದಿದೆ. ಅದು ಶೌಚಾಲಯದಲ್ಲಿದೆ. ಆಸ್ಪತ್ರೆಯವರು ಅದರ ಮೇಲೆ ಎತ್ತರದ ಪೀಠ, ಪಕ್ಕದಲ್ಲಿ ಹಿಡಿಕೆ ಹಾಕಿಸಿ ಕಳಿಸಿದ್ದಾರೆ. ಮೊದಲ ದಿನ ಎಮಿಲ್ ಎಲೆಕೋಸಿನ ಸೂಪನ್ನು ಅಲ್ಲಿಗೇ ತಂದುಕೊಟ್ಟ. ಬಡಪಾಯಿ, ಬೇರೆ ತೋಚಲಿಲ್ಲ ಅವನಿಗೆ. ನಾನು ಬಟ್ಟಲನ್ನು ತಳ್ಳಿ ಅತ್ತೆ. ಅಂದಿನಿಂದ ಊಟ ನಿಂತು, ಟಿ.ವಿ. ನಿಂತು, ಪ್ರಾರ್ಥನೆ ನಿಂತು. ನಿಲ್ಲಲಾಗದಿದ್ದರೆ ಹಾಸಿಗೆ. ಒಮ್ಮೆ ಛಲ ಮಾಡಿ ಸೋಫಾದಲ್ಲಿ ಕೂತೆ. ಎಬ್ಬಿಸಲು ಎಮಿಲ್ ಎರಡೂ ಕೈ ಕೊಟ್ಟ, ಅವನ ಸೊಂಟ ಹಿಡಿದುಕೊಂಡಿತು, ಅವನೂ ನನ್ನ ಪಕ್ಕದಲ್ಲಿ ಕುಸಿದ. ರೋಸಲಿ ಬಂದು ಇಬ್ಬರನ್ನೂ ಎಬ್ಬಿಸಬೇಕಾಯಿತು. "ಮದುವೆ ದಿನ ಫೋಟೋಗೆ ಕೂತ ಹಾಗೆ ಕೂತಿದೀರಲ್ಲ!" ಎಂದು ನಕ್ಕಳು. ನಾವೂ ನಕ್ಕೆವು. ಆದರೆ ಅವಳು ಹೋದ ಮೇಲೆ ನನಗೆ ನಗು ಬರಲಿಲ್ಲ. ನನ್ನ ದೇಹವನ್ನು ಎತ್ತಿ ನಿಲ್ಲಿಸಲು ಇಬ್ಬರು ಬೇಕಾದರು ಎಂಬುದು ಎದೆಯಲ್ಲಿ ಕೂತುಬಿಟ್ಟಿತು.

ಇನ್ನೊಂದು ಕುರ್ಚಿ ಕೊಂಡುಕೊಳ್ಳಿ ಎನ್ನುವಿರೇನೋ. ಅಂಗಡಿಗೆ ಹೇಳಿದ್ದೇವೆ. ಹಿಮ ಕರಗುವವರೆಗೂ ಅಂಗಡಿಯವರ ಲಾರಿ ನಮ್ಮ ಗುಡ್ಡ ಹತ್ತುವುದಿಲ್ಲವಂತೆ. ತಮ್ಮ ಚಾಲಕನನ್ನು ಅವರಿಗೆ ಎರವಲು ಕೊಡುತ್ತೀರಾ? ಎಮಿಲ್ ಅಡುಗೆಮನೆಯ ಕುರ್ಚಿಯ ಕಾಲಿಗೆ ಮರದ ತುಂಡು ಹೊಡೆದು ಎತ್ತರ ಮಾಡಿದ. ಕೂತ ಕೂಡಲೇ ಕುಡಿದವನ ಹಾಗೆ ಓಲಾಡಿತು. ಮಾರ್ಲೀನ್ ಫೋನಿನಲ್ಲೇ ಗದರಿದಳು. ಮೊನ್ನೆ ಕಾಲು ಅಳೆದಾಗ ಅವಳ ಮುಖ ಬಾಡಿತ್ತು. ಬಗ್ಗಿದ್ದ ಮಂಡಿ ಮತ್ತೆ ಬಿಗಿಯುತ್ತಿದೆ. ಹೀಗೇ ಆದರೆ ಡಾಕ್ಟರಿಗೆ ಹೇಳಲೇಬೇಕಾಗುತ್ತದೆ ಎಂದಳು.

ಕೊನೆಗೆ ರೋಸಲಿ ನಮ್ಮ ಕಾರಿನಲ್ಲೇ ನನ್ನನ್ನು ತಮ್ಮ ಇಲಾಖೆಯ ಉಗ್ರಾಣಕ್ಕೆ ಕರೆದೊಯ್ದಳು. ತಂತಿ ಬೇಲಿಯೊಳಗೆ ನಮ್ಮ ಗುಡ್ಡದ ಕುರ್ಚಿಗಳೆಲ್ಲ ರಾಶಿ ಬಿದ್ದಿದ್ದವು. ನನ್ನದು ಆ ರಾಶಿಯಲ್ಲಿರಲಿಲ್ಲ. ಒಳಗಿತ್ತು. ತಮ್ಮ ಗುಮಾಸ್ತರು ಅದರ ಮೇಲೆ ಕೂತಿದ್ದರು.

ನನ್ನ ವಾಕರ್ ಕಂಡ ತಕ್ಷಣ ಎದ್ದರು. ಒಳ್ಳೆಯವರು. "ಬನ್ನಿ ಅಮ್ಮ, ಕೂತ್ಕೊಳ್ಳಿ," ಎಂದು ನನ್ನ ಕುರ್ಚಿಯನ್ನೇ ನನಗೆ ಕೊಟ್ಟರು. ಕೂತೆ. ಪಾದ ತಾನಾಗಿಯೇ ಹಿಂದಕ್ಕೆ ಜಾರಿತು. ಎಷ್ಟು ಸುಖವಾಯಿತೆಂದರೆ ಬಂದ ಕೆಲಸ ಮರೆತು ಕಣ್ಣು ಮುಚ್ಚಿದೆ. ಆಮೇಲೆ ಹೇಳಿದೆ, "ಇದು ನನ್ನ ಕುರ್ಚಿ ಕಣಪ್ಪ."

"ಗೊತ್ತಾಗ್ತಿದೆ ಅಮ್ಮ, ನೀವು ಕೂತಿದ್ದು ನೋಡಿದ್ರೇ ಗೊತ್ತಾಗುತ್ತೆ. ಆದ್ರೆ ಬಿಡೋ ಹಾಗಿಲ್ಲ. ಕೊಟ್ರೆ ಮತ್ತೆ ಬೀದಿಗೇ ಬರುತ್ತೆ, ಚಳಿಗಾಲ ಮುಗಿಯೋವರೆಗೂ ಒಂದೂ ಹೊರಗೆ ಹೋಗಬಾರ್ದು ಅಂತ ದೊಡ್ಡೋರ ಅಪ್ಪಣೆ ಇದೆ."

"ಚಳಿಗಾಲ ಮುಗಿಯೋ ಹೊತ್ತಿಗೆ ನನ್ನ ಕಾಲು ಕೋಲಾಗಿರುತ್ತೆ."

ಅವರು ತಲೆ ತಗ್ಗಿಸಿದರು. "ನಮ್ಮಮ್ಮನಿಗೂ ಮಂಡಿ ಆಗಿದೆ. ನಾನೇನ್ ಮಾಡ್ಲಿ ಹೇಳಿ? ಕಚೇರಿ ಮುಚ್ಚೋವರೆಗೂ ಇಲ್ಲೇ ಕೂತಿರಿ. ನಾಳೇನೂ ಬನ್ನಿ. ಕೂರೋದಕ್ಕೆ ಯಾರೂ ಬೇಡ ಅನ್ನಲ್ಲ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ತಮ್ಮ ಇಲಾಖೆಯಲ್ಲಿ ಪೂಜಾರಿ ಕೊಡಲು ಸಿದ್ಧ, ದೇವರೇ ಒಲ್ಲೆ ಎನ್ನುತ್ತಿದ್ದಾರೆ. ಬಾಗಿಲು ಹಾಕುವವರೆಗೂ ಅಲ್ಲಿ ಕೂತು ಪಾದ ಜಾರಿಸಿದೆ. ಹೊರಡುವಾಗ ಗುಮಾಸ್ತರು ಕೈ ಹಿಡಿದು ಕಾರಿನವರೆಗೂ ಬಂದರು. ಕುರ್ಚಿ ಅಲ್ಲೇ ಉಳಿಯಿತು.

ಗುಡ್ಡ ಹತ್ತಿ ಬಂದಾಗ ನಾವು ಬಗೆದ ಜಾಗದಲ್ಲಿ ಎಮಿಲ್ ನಿಂತಿದ್ದ. ಟೋಪಿಯ ಮೇಲೆ, ಹೆಗಲ ಮೇಲೆ ಹಿಮ ಕೂತಿತ್ತು. ನಾವು ಹೋದಾಗಿನಿಂದ ಅಲ್ಲೇ ಇದ್ದನಂತೆ.

"ಇದೇನೋ ನಿನ್ನ ಅವತಾರ? ಒಳಗೆ ನಡಿ!" ಎಂದೆ.

"ಜಾಗ ಹೋದ್ರೆ ನೀನು ಮತ್ತೆ ಆ ಏರು ಹತ್ತಬೇಕು. ಕುರ್ಚಿ ಇಡಬಾರ್ದು ಅಂದಿದಾರೆ. ಗಂಡ ನಿಲ್ಲಬಾರ್ದು ಅಂದಿಲ್ಲವಲ್ಲ," ಅಂದ. ಅವನ ತುಟಿ ಮರಗಟ್ಟಿ ಮಾತು ತೊದಲುತ್ತಿತ್ತು. ಅವನನ್ನು ಬಯ್ಯಬೇಕೆಂದು ಕೂಡಿಟ್ಟುಕೊಂಡಿದ್ದ ಮಾತೆಲ್ಲ ನನ್ನ ಬಾಯಲ್ಲೇ ಕರಗಿಹೋಯಿತು.

ಅಂದಿನಿಂದ ನಾನು ಹೊರಗೆ ಹೋದಾಗೆಲ್ಲ ರೋಸಲಿ ಕಾರು ಓಡಿಸುತ್ತಾಳೆ, ಎಮಿಲ್ ಬೀದಿಯಲ್ಲಿ ನಿಲ್ಲುತ್ತಾನೆ. ಬೇಡ ಎಂದರೆ ಕೇಳುವುದಿಲ್ಲ. ತನ್ನ ತಪ್ಪಿಗೆ ತಾನೇ ಕುರ್ಚಿಯಾಗಿದ್ದಾನೆ. ನನಗೆ ಅವನನ್ನು ತಡೆಯುವ ಶಕ್ತಿಯಿಲ್ಲ, ತಮ್ಮನ್ನು ಬಗ್ಗಿಸುವ ಶಕ್ತಿಯಿಲ್ಲ, ಮಂಡಿಯನ್ನು ಬಗ್ಗಿಸುವ ಶಕ್ತಿಯೂ ದಿನೇ ದಿನೇ ಕಡಿಮೆಯಾಗುತ್ತಿದೆ.

ಆದ್ದರಿಂದ ನನ್ನ ಬೇಡಿಕೆ. ಆ ಕುರ್ಚಿಯನ್ನು ಈ ವಾರದೊಳಗೆ ಕಳಿಸಿಕೊಡಿ. ಅದು ಇನ್ನೆಂದೂ ಬೀದಿಗೆ ಇಳಿಯುವುದಿಲ್ಲ ಎಂದು ಬೇಕಾದರೆ ಚರ್ಚಿನಲ್ಲಿ ಪ್ರಮಾಣ ಮಾಡುತ್ತೇನೆ, ಮಂಡಿ ಊರಿ ಮಾತ್ರ ಆಗುವುದಿಲ್ಲ. ಸ್ಟೇಸಿಯಾಳ ಸರದಿ ಬರುವಷ್ಟರಲ್ಲಿ ನಾನು ಅದರಿಂದ ಎದ್ದು ನಡೆಯಬೇಕು.

ಅದೂ ಆಗದು ಎನ್ನುವಿರಾದರೆ ಕೊನೆಯದೊಂದು ಕೇಳುತ್ತೇನೆ. ತಮ್ಮ ಲಾರಿ ಮತ್ತೆ ಹ್ಯಾಚೆಟ್ ಬೀದಿಗೆ ಬಂದಾಗ ಹಿಮ ಬಗೆದ ಜಾಗದಲ್ಲಿ ಟೋಪಿ ಹಾಕಿದ ಒಬ್ಬ ಮುದುಕ ಅಲ್ಲಾಡದೆ ನಿಂತಿರುತ್ತಾನೆ. ಅಡಚಣೆ ಎಂದು ಅವನನ್ನೂ ಎತ್ತಿಕೊಂಡು ಹೋಗಬೇಡಿ. ನಾನು ಹಿಡಿದು ಏಳಲು ಈ ಮನೆಯಲ್ಲಿ ಉಳಿದಿರುವುದು ಅವನ ಕೈಯೊಂದೇ.

ಇಂತಿ,
ಕೂರಲು ಅಪ್ಪಣೆಗಾಗಿ ಕಾಯುತ್ತ ನಿಂತಿರುವ,
ಆಲ್ಬೀನಾ ಹ್ಲಾವಾಟಿ
ಹ್ಯಾಚೆಟ್ ಬೀದಿ, ಗುಡ್ಡದ ಮೇಲೆ